ಸ್ಕ್ರಿಪ್ಟ್ ಮುಗಿದಿದೆ, ಇನ್ನು ಶೂಟಿಂಗ್‌ಗೆ ಹೋಗಬಹುದಾ?

ಸಿನಿಮಾ ಕಲಿಯುತ್ತಿರುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. "ಹತ್ತು ನಿಮಿಷದ ಶಾರ್ಟ್ ಫಿಲ್ಮ್ ಸರ್. ಸ್ಕ್ರಿಪ್ಟ್ ಫೈನಲ್ ಆಗಿದೆ, ನಟರು ಸಿಕ್ಕಿದ್ದಾರೆ, ಕ್ಯಾಮೆರಾ ಬಾಡಿಗೆಗೆ ಮಾತಾಡಿದ್ದೀವಿ. ಇನ್ನೇನು ಬಾಕಿ?"

ನಾನು ಎಡಿಟಿಂಗ್ ಕಡೆಯವನು, ಹಾಗಾಗಿ ಉತ್ತರವೂ ಆ ಕಡೆಯಿಂದಲೇ ಬರುತ್ತದೆ. ಇಡೀ ಚಿತ್ರವನ್ನು ಒಂದು ಸಲ ಫೋನ್‌ನಲ್ಲಿ ತೆಗೆಯಿರಿ. ಎಡಿಟ್ ಮಾಡಿ. ಕೂತು ನೋಡಿ. ಅಲ್ಲಿಯ ತನಕ ಶೂಟಿಂಗ್ ತಾರೀಕು ಗೊತ್ತು ಮಾಡಬೇಡಿ.

ಇದಕ್ಕೆ ನಟರು ಬೇಕಿಲ್ಲ, ತಂಡದವರೇ ನಿಂತುಕೊಳ್ಳಲಿ. ಡ್ರೆಸ್ಸು, ಮೇಕಪ್ಪು, ಲೈಟು ಯಾವುದೂ ಬೇಡ. ಜಾಗ ಮಾತ್ರ ಆದಷ್ಟು ನೀವು ನಿಜವಾಗಿ ಶೂಟ್ ಮಾಡುವ ಜಾಗವೇ ಆಗಿರಲಿ. ಶಾಟ್ ಲಿಸ್ಟ್‌ನಲ್ಲಿ ಬರೆದ ಒಂದು ಶಾಟನ್ನೂ ಬಿಡಬೇಡಿ. ಟೈಮ್‌ಲೈನ್ ಮೇಲೆ ಜೋಡಿಸಿದ ಕೂಡಲೇ ಕಾಗದದಲ್ಲಿ ಕಾಣದೇ ಇದ್ದದ್ದೆಲ್ಲ ಎದ್ದು ಕಾಣುತ್ತದೆ. ಆಕೆ ಬಾಗಿಲು ತೆಗೆದು ಗಾಬರಿಯಾಗುತ್ತಾಳೆ, ಏನು ನೋಡಿ ಗಾಬರಿಯಾದಳು ಅನ್ನುವ ಶಾಟೇ ಇಲ್ಲ. ಇಬ್ಬರು ಎದುರುಬದುರು ಕೂತು ಮಾತಾಡುತ್ತಿದ್ದಾರೆ, ಕ್ಲೋಸಪ್‌ನಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಿದ್ದಾರೆ. ಅಂದರೆ ಎಲ್ಲೋ 180 ಡಿಗ್ರಿ ಗೆರೆ ದಾಟಿದ್ದೀರಿ, ಅಂದರೆ ಇಬ್ಬರ ನಡುವೆ ಊಹಿಸಿಕೊಳ್ಳುವ ಗೆರೆಯ ಒಂದೇ ಬದಿಯಲ್ಲಿ ಇರಬೇಕಿದ್ದ ಕ್ಯಾಮೆರಾ ಇನ್ನೊಂದು ಬದಿಗೆ ಹೋಗಿದೆ. ಓದುವಾಗ ಚೆನ್ನಾಗಿದ್ದ ಎರಡು ಪುಟದ ಜಗಳದಲ್ಲಿ ಮೊದಲ ಪುಟ ಬೇಕೇ ಇಲ್ಲ. ಶೂಟಿಂಗ್ ಮುಗಿದ ಮೇಲೆ ಇವು ನನ್ನ ಹತ್ತಿರ ಬಂದರೆ ಹೇಗೆ ಮುಚ್ಚುವುದು ಅಂತ ಯೋಚಿಸಬಹುದು ಅಷ್ಟೇ. ಮೊದಲೇ ಗೊತ್ತಾದರೆ ಶಾಟ್ ಲಿಸ್ಟ್‌ಗೆ ಒಂದು ಸಾಲು ಸೇರಿಸಿದರೆ ಮುಗಿಯಿತು.

ಇದು ಹೊಸ ಉಪಾಯ ಅಲ್ಲ. 1919ರಲ್ಲಿ ಮಾಸ್ಕೋದಲ್ಲಿ ಸಿನಿಮಾ ಶಾಲೆ ಶುರುವಾದಾಗ ಅಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಕಚ್ಚಾ ಫಿಲ್ಮ್ ಸಿಗುವುದೇ ಕಷ್ಟ. ಅಲ್ಲಿ ಕಲಿಸುತ್ತಿದ್ದ ಲೆವ್ ಕುಲೆಶೋವ್ ವಿದ್ಯಾರ್ಥಿಗಳಿಂದ ‘ಫಿಲ್ಮ್ ಇಲ್ಲದ ಫಿಲ್ಮ್’ ಮಾಡಿಸಿದರು. ದೃಶ್ಯವನ್ನು ಚಿಕ್ಕ ಚಿಕ್ಕ ತುಣುಕು ಮಾಡಿ, ಕ್ಯಾಮೆರಾ ಇಲ್ಲದೆ, ನೋಡುವವರ ಮುಂದೆ ಅಭಿನಯಿಸುವುದು. ಮುಂದೆ ದೊಡ್ಡ ನಿರ್ದೇಶಕರಾದ ಪುಡೋವ್ಕಿನ್ ಅದೇ ಗುಂಪಿನಲ್ಲಿ ಪಳಗಿದವರು. ಇವತ್ತು ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಆದರೂ ಈ ಅಭ್ಯಾಸ ಮಾಡುವವರು ಕಮ್ಮಿ. ನನಗೆ ನಿಜಕ್ಕೂ ಬೇಜಾರಾಗುವ ಸಂಗತಿ ಇದು.

ಫೋನ್ ಚಿತ್ರದಿಂದ ಇನ್ನೊಂದು ಲಾಭ ಇದೆ. ಯಾವ ಸೀನ್ ಎಷ್ಟು ಹೊತ್ತು ತಿನ್ನುತ್ತದೆ ಅಂತ ಅಂದಾಜು ಸಿಗುತ್ತದೆ. ಒಂದು ಪುಟ ಅಂದರೆ ತೆರೆ ಮೇಲೆ ಸುಮಾರು ಒಂದು ನಿಮಿಷ ಅನ್ನುವ ಲೆಕ್ಕ ನಿಮಗೆ ಗೊತ್ತೇ ಇದೆ. ಶೆಡ್ಯೂಲ್ ಹಾಕುವವರು ಆ ಪುಟವನ್ನು ಮತ್ತೆ ಎಂಟು ಭಾಗ ಮಾಡಿ ಪ್ರತಿ ಸೀನನ್ನು ಅಳೆಯುತ್ತಾರೆ. ಅಳತೆಯೇನೋ ಸರಿ, ಆದರೆ ಅದನ್ನೇ ಪೂರ್ತಿ ನಂಬಬೇಡಿ. "ಮದುವೆ ಮನೆಯಲ್ಲಿ ಹೊಡೆದಾಟ ಶುರುವಾಗುತ್ತದೆ" ಅನ್ನುವುದು ಪುಟದ ಎಂಟನೇ ಒಂದು ಭಾಗ, ತೆಗೆಯಲು ಒಂದು ದಿನವೂ ಸಾಲದು. ಇಬ್ಬರು ಬೆಂಚಿನ ಮೇಲೆ ಕೂತು ಮಾತಾಡುವ ಮೂರು ಪುಟ ಅರ್ಧ ದಿನದಲ್ಲಿ ಮುಗಿಯಬಹುದು. ಶಾಟ್‌ಗಳನ್ನು ಎಣಿಸುವುದರ ಜೊತೆಗೆ, ಎಷ್ಟು ಸಲ ಕ್ಯಾಮೆರಾ ಮತ್ತು ಲೈಟ್ ಎತ್ತಿ ಬೇರೆ ಕಡೆ ಇಡಬೇಕು ಅಂತಲೂ ಎಣಿಸಿ. ಟೈಮ್ ಹೋಗುವುದು ಅಲ್ಲೇ.

ಇನ್ನು ಸೌಂಡ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ವಿದ್ಯಾರ್ಥಿಗಳ ಚಿತ್ರಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಲೊಕೇಶನ್ ನೋಡಲು ಹೋದವರು ಗೋಡೆ ಬಣ್ಣ, ಕಿಟಕಿ ಬೆಳಕು ನೋಡಿ ಬರುತ್ತಾರೆ. ಶೂಟ್ ಮಾಡುವ ಹೊತ್ತಿನಲ್ಲೇ ಅಲ್ಲಿಗೆ ಹೋಗಿ, ಮೈಕ್ ಆನ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಸುಮ್ನೆ ಐದು ನಿಮಿಷ ನಿಲ್ಲಿ. ಬರಿ ಕಿವಿಗೆ ನಿಶ್ಶಬ್ದ ಅನ್ನಿಸಿದ ಕೋಣೆಯಲ್ಲಿ ಫ್ರಿಜ್ಜು, ಫ್ಯಾನು, ಪಕ್ಕದ ಮನೆ ಪಂಪು ಎಲ್ಲ ಕೇಳಿಸುತ್ತವೆ. ಫ್ರಿಜ್ ಆಫ್ ಮಾಡಿದರೆ ನಿಮ್ಮ ಗಾಡಿ ಕೀಯನ್ನು ಅದರೊಳಗೇ ಇಡಿ. ಇದು ಸೌಂಡ್ ರೆಕಾರ್ಡಿಸ್ಟ್‌ಗಳ ಹಳೇ ಅಭ್ಯಾಸ. ಕೀ ಇಲ್ಲದೆ ಮನೆಗೆ ಹೋಗಲು ಆಗುವುದಿಲ್ಲ, ಹಾಗಾಗಿ ಫ್ರಿಜ್ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಕ್ಯಾಮೆರಾ ಮೇಲಿನ ಮೈಕ್ ನಂಬಬೇಡಿ. ಮೈಕ್ ಬಾಯಿಗೆ ಎಷ್ಟು ಹತ್ತಿರ ಇರುತ್ತದೋ ಮಾತು ಅಷ್ಟು ಸ್ಪಷ್ಟ. ಫ್ರೇಮಿನ ಅಂಚಿಗೆ ಬರುವಷ್ಟು ಹತ್ತಿರ ತನ್ನಿ. ಪ್ರತಿ ಜಾಗ ಬಿಡುವ ಮುಂಚೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ರೂಮ್ ಟೋನ್, ಅಂದರೆ ಯಾರೂ ಮಾತಾಡದಿದ್ದಾಗ ಆ ಜಾಗದಲ್ಲಿರುವ ಸದ್ದು, ರೆಕಾರ್ಡ್ ಮಾಡಿ. ಆ ಒಂದು ನಿಮಿಷ ಇಲ್ಲದಿದ್ದರೆ ಮಾತಿನ ನಡುವಿನ ಪ್ರತಿ ಕಟ್ ಕೂಡ ಕಿವಿಗೆ ಚುಚ್ಚುತ್ತದೆ.

ಕ್ಯಾಮೆರಾ ಬಗ್ಗೆ ನನ್ನದು ಒಂದೇ ಮಾತು. ಕರೆಂಟ್ 50 ಹರ್ಟ್ಸ್ ಇರುವ ಕಡೆ ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆಯುವಾಗ ಶಟರ್ 1/50 ಸೆಕೆಂಡಿಗೆ ಇಡಿ, 60 ಹರ್ಟ್ಸ್ ಇರುವ ಕಡೆ 1/60ಕ್ಕೆ. ಇಲ್ಲದಿದ್ದರೆ ಕೆಲವು ಟ್ಯೂಬ್‌ಲೈಟುಗಳ ಕೆಳಗೆ ಚಿತ್ರ ಮಿನುಗುತ್ತದೆ. ಎಲ್‌ಇಡಿ ಲೈಟ್‌ಗಳಲ್ಲಿ ಕೆಲವು ಇದಕ್ಕೂ ಬಗ್ಗುವುದಿಲ್ಲ, ಲೊಕೇಶನ್ ನೋಡಲು ಹೋದಾಗಲೇ ಟೆಸ್ಟ್ ಮಾಡಿ.

"ಇಷ್ಟೆಲ್ಲ ಕಲಿಯುವುದು ಯಾವಾಗ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ನಿಮ್ಮ ದೊಡ್ಡ ಚಿತ್ರದ ಸೆಟ್‌ನಲ್ಲಂತೂ ಅಲ್ಲ. ಮಾತೇ ಇಲ್ಲದ ಒಂದು ನಿಮಿಷದ ದೃಶ್ಯ ತಗೊಳ್ಳಿ. ಒಬ್ಬ ಮನೆಯಲ್ಲಿ ಏನೋ ಹುಡುಕುತ್ತಿದ್ದಾನೆ, ಸಿಗುವುದಿಲ್ಲ, ಅಷ್ಟೇ. ಅದನ್ನು ಒಂದೇ ಶಾಟ್‌ನಲ್ಲಿ ತೆಗೆಯಿರಿ. ಆಮೇಲೆ ಐದಾರು ಶಾಟ್ ಮಾಡಿ. ಆಮೇಲೆ ಅವನ ಮುಖವನ್ನೇ ತೋರಿಸದೆ ತೆಗೆಯಿರಿ. ಪ್ರತಿ ಸಲ ಕೆಲಸ ಬದಲಾಯಿಸಿಕೊಳ್ಳಿ. ನಿರ್ದೇಶನ ಮಾಡಿದವರು ಬೂಮ್ (ತುದಿಗೆ ಮೈಕ್ ಇರುವ ಉದ್ದ ಕೋಲು) ಹಿಡಿಯಲಿ, ಕ್ಯಾಮೆರಾದವರು ಎಡಿಟ್ ಮಾಡಲಿ. ಬೂಮ್ ಹಿಡಿದು ತೋಳು ನೋಯಿಸಿಕೊಂಡ ನಿರ್ದೇಶಕ ಟೇಕ್ ನಡುವೆ ಸುಮ್ಮನೆ ಕಾಯಿಸುವುದಿಲ್ಲ. ಎಡಿಟ್‌ಗೆ ಕೂತ ಕ್ಯಾಮೆರಾಮನ್ ಮುಂದಿನ ಸಲ ಶಾಟ್ ಮುಗಿದ ತಕ್ಷಣ ಕಟ್ ಮಾಡದೆ, ನಾಲ್ಕು ಸೆಕೆಂಡ್ ಜಾಸ್ತಿ ಓಡಿಸುತ್ತಾನೆ.

ಫೋನ್ ಚಿತ್ರ ನೋಡಿ ಕಥೆಯೇ ನಿಲ್ಲುತ್ತಿಲ್ಲ ಅನ್ನಿಸಿದರೆ ಶೂಟಿಂಗ್ ಮುಂದಕ್ಕೆ ಹಾಕಿ, ಬರವಣಿಗೆಗೆ ವಾಪಸ್ ಹೋಗಿ. ನಿಲ್ಲುತ್ತಿದೆ ಅನ್ನಿಸಿದರೆ ಕಾಲ್ ಶೀಟ್ ಹಿಂದಿನ ದಿನವೇ ಎಲ್ಲರಿಗೂ ಕಳಿಸಿ. ಯಾರು, ಎಲ್ಲಿಗೆ, ಎಷ್ಟು ಗಂಟೆಗೆ, ಊಟ ಎಷ್ಟೊತ್ತಿಗೆ ಅಂತ ಅದರಲ್ಲಿರಲಿ. ಕಾರ್ಡ್‌ನಲ್ಲಿರುವ ಫುಟೇಜ್ ಎರಡು ಬೇರೆ ಬೇರೆ ಡ್ರೈವ್‌ಗೆ ಕಾಪಿ ಆಗಿ, ಯಾರಾದರೂ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಮೊದಲ ದಿನ ಬೆಳಿಗ್ಗೆ ಸುಲಭದ ಸೀನ್ ಇಡಿ, ತಂಡ ಒಬ್ಬರಿಗೊಬ್ಬರು ಹೊಂದಿಕೊಳ್ಳಲಿ. ಅಳುವ ಸೀನ್ ಎರಡನೇ ದಿನಕ್ಕಿರಲಿ, ಅದೂ ಊಟಕ್ಕೆ ಮುಂಚೆ.