ಸಕ್ಕರೆ ಕಾರ್ಖಾನೆಗೂ ಸ್ವಿಸ್ ಫ್ರಾಂಕ್‌ಗೂ ಏನು ನಂಟು?

ಅಕ್ಕನ ಮಗಳು ಬೆಂಗಳೂರಿನ ಲಾ ಫರ್ಮ್ ಒಂದರಲ್ಲಿ ಕೆಲಸ ಮಾಡುತ್ತಾಳೆ. ಇವತ್ತು ಮಂಡ್ಯದ ಮನೆ ಜಗಲಿ ಮೇಲೆ ಕೂತು ಒಂದು ಹಳೇ ತೀರ್ಪು ಓದುತ್ತಿದ್ದಳು.

ರಾಜಶ್ರೀ ಶುಗರ್ಸ್ ಮತ್ತು ಆಕ್ಸಿಸ್ ಬ್ಯಾಂಕ್ ಕೇಸು. ಮದ್ರಾಸ್ ಹೈಕೋರ್ಟ್, ಅಕ್ಟೋಬರ್ 2008.

ತಮಿಳುನಾಡಿನ ಸಕ್ಕರೆ ಕಂಪನಿ. ಡಾಲರ್ ಎದುರು ಸ್ವಿಟ್ಜರ್ಲೆಂಡಿನ ದುಡ್ಡಾದ ಸ್ವಿಸ್ ಫ್ರಾಂಕ್ ಎಷ್ಟಾಗುತ್ತೆ ಅನ್ನುವುದರ ಮೇಲೆ ಬ್ಯಾಂಕಿನ ಜೊತೆ ಡೆರಿವೇಟಿವ್ ಕರಾರು, ಅಂದರೆ ಬೇರೊಂದರ ಬೆಲೆ ಏರಿಳಿದಂತೆ ದುಡ್ಡು ಕೊಡುವ, ಪಡೆಯುವ ಒಪ್ಪಂದ! ಲೆಕ್ಕ ಉಲ್ಟಾ ಹೊಡೆಯಿತು. ಇದು ಬಾಜಿ, ಕಾಂಟ್ರಾಕ್ಟ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ನಡೆಯಲ್ಲ ಅಂತ ಕಂಪನಿ ವಾದಿಸಿತು. ಕೋರ್ಟ್ ಒಪ್ಪಲಿಲ್ಲ.

ಕಬ್ಬು ಬೆಳೆಯುವ ದೊಡ್ಡಪ್ಪ ಕೇಳಿಸಿಕೊಂಡು, "ಕಬ್ಬು ಅರೆಯೋರಿಗೆ ಆ ದೇಶದ ದುಡ್ಡು ಯಾಕವ್ವಾ?" ಅಂದರು.

ಒಳ್ಳೇ ಪ್ರಶ್ನೆ ಅಲ್ವಾ? ಆದರೆ ಸಹಿ ಬಿದ್ದ ಮೇಲೆ ಅದನ್ನು ಕೇಳುವುದು ವಕೀಲರು, ಅದೂ ಫೀಸು ತಗೊಂಡು.

ಅದೇ ವರ್ಷ ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಅನ್ನುವ ದೊಡ್ಡ ಹೂಡಿಕೆ ಬ್ಯಾಂಕ್ ದಿವಾಳಿ ಅರ್ಜಿ ಹಾಕಿತ್ತು. ಅದರ ಹೆಸರಲ್ಲಿದ್ದ ಡೆರಿವೇಟಿವ್ ಕರಾರುಗಳು 9 ಲಕ್ಷಕ್ಕೂ ಜಾಸ್ತಿ. ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಬಿಡಿಸಲು ವಕೀಲರಿಗೆ ವರ್ಷಗಟ್ಟಲೆ ಕೆಲಸ. ತಮಾಷೆ ಅಂದರೆ, ಲೇಮನ್ ದಿವಾಳಿಯಾದರೆ ಅದಕ್ಕಿಂತ ಮೊದಲು ಸಾಲಪತ್ರ ಕೊಂಡವರಿಗೆ ದುಡ್ಡು ಅನ್ನುವ ಒಂದೇ ಷರತ್ತು ಲಂಡನ್ ಕೋರ್ಟಿನಲ್ಲಿ ಗೆದ್ದಿತು, 2010ರಲ್ಲಿ ನ್ಯೂಯಾರ್ಕಿನ ದಿವಾಳಿ ಕೋರ್ಟಿನಲ್ಲಿ ಸೋತಿತು.

ಬಾಜಿ ಅಲ್ಲ ಅನ್ನುವುದು ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೂ ಆ ಸಕ್ಕರೆ ಕಂಪನಿಗೆ ಇದನ್ನು ಮಾರಿದಾಗ ಎದುರಿಗೆ ಕೂತವರಿಗೆ ನಿಜಕ್ಕೂ ಎಷ್ಟು ಅರ್ಥವಾಗಿತ್ತೋ ಅಂತ ನನಗಿನ್ನೂ ಅನುಮಾನ. ಅಕ್ಕನ ಮಗಳನ್ನು ಕೇಳಿದರೆ, "ಮಾಮಾ, ಅದಕ್ಕೇ ಕರಾರು 80 ಪುಟ ಬರೀತೀವಿ" ಅಂತಾಳೆ.