ಬೋಳು ಪದವಿನ ಹಳದಿ ಟಿಟ್ಟಿಭ

ಅಡಿಕೆ ತೋಟದಲ್ಲಿ ಹಕ್ಕಿ ನೋಡುವವನಿಗೆ ಸಿಗುವುದು ಕತ್ತುನೋವು. ಕುಟ್ರುಹಕ್ಕಿ ದಿನವಿಡೀ ಕೂಗಿದರೂ ಎಲೆಯ ಮರೆಯಿಂದ ಈಚೆ ಬರುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಟ್ಟವನೇ ನಾನು ಗುಡ್ಡ ಹತ್ತಿ ಪದವಿಗೆ, ಅಂದರೆ ಮೇಲಿನ ಮರವಿಲ್ಲದ ಕಲ್ಲುಬಯಲಿಗೆ, ಹೋಗುತ್ತೇನೆ. ಕಾಸರಗೋಡು ಜಿಲ್ಲೆಯ ನೀರ್ಚಾಲು, ಪೆರ್ಲ, ಬಾಯಾರು ಕಡೆಯವರಿಗೆ ಈ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲುಗಳ ಪರಿಚಯ ಹೇಳಬೇಕಾಗಿಲ್ಲ.

“ಭಾವ, ಅಲ್ಲಿ ಹಕ್ಕಿ ಕೂರಲಿಕ್ಕೆ ಒಂದು ಗೆಲ್ಲಾದರೂ ಉಂಟೋ?” ಎಂದು ನೆರೆಮನೆಯವರು ನಗುತ್ತಾರೆ. ಗೆಲ್ಲೇ ಬೇಡದ ಹಕ್ಕಿಯನ್ನು ನೋಡಲೆಂದೇ ನಾನು ಹೋಗುವುದು.

ಗದ್ದೆ ಬದಿಯಲ್ಲಿ ಅರಚುವ ಕೆಂಪು ಟಿಟ್ಟಿಭ ಎಲ್ಲರಿಗೂ ಗೊತ್ತು. ಪದವಿನದು ಅದರ ದಾಯಾದಿ, ಹಳದಿ ಟಿಟ್ಟಿಭ. ಕಪ್ಪು ಟೊಪ್ಪಿ, ಅದರ ಕೆಳಗೆ ಬಿಳಿ ಗೆರೆ, ಕಣ್ಣಿನ ಮುಂದೆ ಹಳದಿ ತೊಗಲು, ಉದ್ದನೆಯ ಹಳದಿ ಕಾಲು. ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತದೆ, ಬಗ್ಗಿ ಹುಳ ಹೆಕ್ಕುತ್ತದೆ, ಮತ್ತೆ ಓಡುತ್ತದೆ. ನಿಂತಾಗ ಕಲ್ಲಿನ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಗೂಡೆಂದರೆ ಜಲ್ಲಿಯ ನಡುವೆ ಒಂದು ಸಣ್ಣ ತಗ್ಗು, ಅಷ್ಟೇ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಮೈತುಂಬ ಕಪ್ಪು ಕಲೆ. ಏಪ್ರಿಲಿನ ಬಿಸಿಲಿಗೆ ಅಲ್ಲಿ ಬರಿಗಾಲು ಇಡಲಾಗದು. ಕಾವು ಕೊಡುವುದಕ್ಕಿಂತ ಮೊಟ್ಟೆಗಳನ್ನು ತಂಪಾಗಿಡುವುದೇ ಅಲ್ಲಿ ದೊಡ್ಡ ಕೆಲಸ. ಹಳೆಯ ಕಲ್ಲುಕೋರೆಯ ತಳದಲ್ಲಿ ಉಳಿದ ನೀರಿಗೆ ಹೋಗಿ ಹಕ್ಕಿ ಎದೆಯ ಗರಿಗಳನ್ನು ನೆನೆಸಿಕೊಳ್ಳುತ್ತದೆ; ಒದ್ದೆ ಮೈಯಲ್ಲೇ ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ದುರ್ಬೀನಿನಲ್ಲಿ ಆ ಅಂಟಿಕೊಂಡ ಗರಿಗಳು ಕಂಡ ದಿನ ನಾನು ಮಧ್ಯಾಹ್ನದ ಊಟಕ್ಕೆ ತಡವಾಗಿ ಹೋಗಿ ಬೈಸಿಕೊಂಡೆ.

ಕುಂಬಳೆ ಹತ್ತಿರದ ಕಿದೂರಿಗೆ ಹಕ್ಕಿ ನೋಡಲು ಜನ ದೊಡ್ಡ ಕ್ಯಾಮೆರಾ ಹೊತ್ತು ಬರುತ್ತಾರೆ, ಬರಲಿ. 2023ರಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಜಿಲ್ಲೆಯ ಅಧಿಕೃತ ಪಕ್ಷಿಯಾಯಿತು, ಸಂತೋಷ. ನನ್ನನ್ನು ಕೇಳಿದ್ದರೆ ಮಾತ್ರ ನನ್ನ ಮತ ಈ ಟಿಟ್ಟಿಭಕ್ಕೆ. ಹದ್ದಿಗೆ ಇಡೀ ಕಡಲಿದೆ. ಇದಕ್ಕಿರುವುದು ನಾವು ಪಾಳುಭೂಮಿ ಎಂದು ಕರೆದು, ಕಲ್ಲು ಕೊಯ್ದು ಸಾಗಿಸುವ ನೆಲ. ನನ್ನ ಮನೆಯ ಗೋಡೆಯೂ ಅದೇ ಕಲ್ಲಿನದು, ಹಾಗಾಗಿ ಹೆಚ್ಚು ಮಾತಾಡುವಂತಿಲ್ಲ.

ನೋಡುವ ಆಸೆಯಿದ್ದರೆ ಮಾರ್ಚ್‌ನಿಂದ ಮೇ ತಿಂಗಳೊಳಗೆ, ಬಿಸಿಲೇರುವ ಮೊದಲು ಬನ್ನಿ. ಕಾಲುದಾರಿ ಬಿಟ್ಟು ನಡೆಯಬೇಡಿ. ಹಕ್ಕಿ ತಲೆಯ ಮೇಲೆ ಸುತ್ತಿ ಕೂಗತೊಡಗಿದರೆ ಗೂಡು ಹತ್ತಿರವಿದೆಯೆಂದು ತಿಳಿದು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ನಾಯಿಯನ್ನಂತೂ ಕರೆತರಲೇಬೇಡಿ.