ಬ್ಲಾಗ್ ಯಾವುದರಲ್ಲಿ ಶುರುಮಾಡಲಿ ಎಂದು ಕೇಳುವವರಿಗೆ

ನಾನು ಬ್ಲಾಗ್ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಒಂದೇ: "ನಾನೂ ಒಂದು ಬ್ಲಾಗ್ ಶುರು ಮಾಡಬೇಕು ಅಂತಿದ್ದೇನೆ. ಯಾವುದರಲ್ಲಿ ಮಾಡಲಿ? ಬ್ಲಾಗರಾ, ವರ್ಡ್‌ಪ್ರೆಸ್ಸಾ?" ಅದರ ಬೆನ್ನಿಗೇ ಇನ್ನೊಂದು: "ಏನೇನು ಟೂಲ್ ಬೇಕಾಗುತ್ತೆ?"

ಯಾವುದರಲ್ಲಾದರೂ ಮಾಡಿ. ಆದರೆ ಬರೆದದ್ದರ ಮೂಲಪ್ರತಿ ನಿಮ್ಮ ಕೈಯಲ್ಲಿರಲಿ. ಮೊದಲು ನಿಮ್ಮ ಕಂಪ್ಯೂಟರಿನಲ್ಲೋ ಫೋನಿನಲ್ಲೋ ಬರೆದು ಉಳಿಸಿಕೊಳ್ಳಿ, ಆಮೇಲೆ ಬ್ಲಾಗಿಗೆ ಏರಿಸಿ. ಈ ಅಭ್ಯಾಸ ಗಟ್ಟಿಯಾಯಿತು ಅಂದರೆ ತಾಣ ಯಾವುದು ಅನ್ನುವುದು ಅಷ್ಟೇನೂ ತಲೆಕೆಡಿಸಿಕೊಳ್ಳುವ ವಿಷಯವಲ್ಲ. ಬ್ಲಾಗರ್ 1999ರಿಂದ ಇದೆ, ವರ್ಡ್‌ಪ್ರೆಸ್ 2003ರಿಂದ. ಎರಡೂ ಪಳಗಿದ ತಾಣಗಳು, ಎರಡರಲ್ಲೂ ದುಡ್ಡು ಕೊಡದೆ ಶುರು ಮಾಡಬಹುದು. ಮುಖ್ಯವಾಗಿ, ಬರೆದದ್ದನ್ನೆಲ್ಲ ಹೊರಗೆ ತೆಗೆದುಕೊಳ್ಳಲು ಎರಡೂ ಬಿಡುತ್ತವೆ. ಇನ್ಯಾವುದೋ ಹೊಸ ತಾಣ ಕಣ್ಣಿಗೆ ಚೆಂದ ಕಂಡರೆ, ಖಾತೆ ತೆರೆಯುವ ಮೊದಲು ಅಲ್ಲಿ 'ಎಕ್ಸ್‌ಪೋರ್ಟ್' ಅನ್ನುವ ಸೌಲಭ್ಯ ಇದೆಯೇ ಅಂತ ಹುಡುಕಿ. ಇಲ್ಲದಿದ್ದರೆ ಅಲ್ಲಿ ಬರೆಯಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಯಾಕಿಷ್ಟು ಹಟ ಅಂದರೆ, ತಾಣಗಳು ಮುಚ್ಚುತ್ತವೆ. ಯಾರು ಬೇಕಾದರೂ ತಮ್ಮ ಪುಟ ಕಟ್ಟಿಕೊಳ್ಳಬಹುದಾಗಿದ್ದ ಜಿಯೋಸಿಟೀಸ್ 1994ರಲ್ಲಿ ಹುಟ್ಟಿ, 1999ರಲ್ಲಿ ಯಾಹೂ ಪಾಲಾಗಿ, 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಜನ ವರ್ಷಗಟ್ಟಲೆ ಕೂತು ಕಟ್ಟಿದ ಪುಟಗಳಲ್ಲಿ, ಕೆಲವು ಸ್ವಯಂಸೇವಕರು ಕೊನೇ ಗಳಿಗೆಯಲ್ಲಿ ನಕಲು ಮಾಡಿಕೊಂಡಷ್ಟು ಮಾತ್ರ ಉಳಿಯಿತು. ಪೋಸ್ಟರಸ್ ಅಂತ ಒಂದು ಸೊಗಸಾದ ಬ್ಲಾಗ್ ತಾಣವಿತ್ತು; ಟ್ವಿಟರ್ ಅದನ್ನು 2012ರಲ್ಲಿ ಕೊಂಡಿತು, 2013ರ ಏಪ್ರಿಲ್ ಮುಗಿಯುವಷ್ಟರಲ್ಲಿ ತಾಣವೇ ಇಲ್ಲ. ಒಂದು ಕಾಲದ ಜನಪ್ರಿಯ ಸಾಮಾಜಿಕ ಜಾಲತಾಣ ಮೈಸ್ಪೇಸ್ ಅಂತೂ ಮುಚ್ಚಲೂ ಇಲ್ಲ. ಸರ್ವರ್ ಬದಲಿಸುವಾಗ, 2016ಕ್ಕೂ ಮುಂಚೆ ಜನ ಏರಿಸಿದ್ದ ಹಾಡು, ಚಿತ್ರ, ವಿಡಿಯೊಗಳು ಹೋಗಿವೆ ಅಂತ 2019ರಲ್ಲಿ ಹೊರಬಿತ್ತು. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 2013ರಲ್ಲಿದ್ದ ವೆಬ್‌ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ತೆರೆಯುತ್ತಲೇ ಇರಲಿಲ್ಲ. ಅವುಗಳಲ್ಲಿ ಎಷ್ಟೋ ಬರಹಗಳ ಇನ್ನೊಂದು ಪ್ರತಿ ಬರೆದವರ ಬಳಿಯೂ ಇದ್ದಿರಲಾರದು. ಅದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಮೊದಲನೇ ಟೂಲ್ ಯಾವುದು? ನೋಟ್‌ಪ್ಯಾಡ್. ಅಥವಾ ನಿಮ್ಮ ಫೋನಿನಲ್ಲಿ ಸಾದಾ ಟೆಕ್ಸ್ಟ್ ಬರೆದು ಉಳಿಸಬಲ್ಲ ಯಾವ ಆ್ಯಪ್ ಆದರೂ ಸರಿ. ಬ್ರೌಸರಿನ ಪೆಟ್ಟಿಗೆಯಲ್ಲಿ ನೇರವಾಗಿ ಟೈಪ್ ಮಾಡುತ್ತಾ ಹೋದರೆ, ನಡುವೆ ನೆಟ್ ಕೈಕೊಟ್ಟಾಗಲೋ ಲಾಗಿನ್ ಅವಧಿ ಮುಗಿದಾಗಲೋ ಬರೆದದ್ದು ಉಳಿದಿದೆಯೋ ಇಲ್ಲವೋ ಅಂತ ಎದೆ ಹಿಡಿದುಕೊಂಡು ಕೂರಬೇಕು. ಟೆಕ್ಸ್ಟ್ ಫೈಲಿಗೆ ಆ ಭಯವಿಲ್ಲ. ಮೂವತ್ತು ವರ್ಷ ಹಳೆಯ ಟೆಕ್ಸ್ಟ್ ಫೈಲೂ ಇವತ್ತಿನ ಯಾವ ಯಂತ್ರದಲ್ಲಾದರೂ ತೆರೆಯುತ್ತದೆ.

ಉಳಿಸುವಾಗ ಒಂದನ್ನು ಗಮನಿಸಿ: ಎನ್‌ಕೋಡಿಂಗ್ (ಅಕ್ಷರಗಳನ್ನು ಕಂಪ್ಯೂಟರ್ ಉಳಿಸಿಕೊಳ್ಳುವ ಬಗೆ) ಅನ್ನುವ ಕಡೆ ಯುಟಿಎಫ್-8 ಇರಬೇಕು. ವಿಂಡೋಸಿನ ನೋಟ್‌ಪ್ಯಾಡ್ 2019ರಿಂದೀಚೆಗೆ ಅದನ್ನೇ ತಾನಾಗಿ ಆರಿಸಿಕೊಳ್ಳುತ್ತದೆ. ಹಳೇ ಕಂಪ್ಯೂಟರುಗಳಲ್ಲಿ ಅಲ್ಲಿ 'ಆನ್ಸಿ' ಅನ್ನುವ, ಕನ್ನಡ ಹಿಡಿಯದ ಹಳೇ ಬಗೆ ಇರುತ್ತದೆ; ಅದು ಕೊಡುವ ಎಚ್ಚರಿಕೆಯನ್ನು ಓದದೆ ಸರಿ ಒತ್ತಿದರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನೆಚಿಹ್ನೆಗಳಾಗಿ ಕೂರುತ್ತವೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಫೈಲಿನ ಹೆಸರನ್ನು ತಾರೀಖಿನಿಂದ ಶುರು ಮಾಡಿ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಕೊನೆಗೆ ಒಂದೆರಡು ಪದ. 2025-03-14 ಅಂತ ಬರೆದರೆ ಫೋಲ್ಡರಿನಲ್ಲಿ ಫೈಲುಗಳು ತಾವಾಗಿಯೇ ಬರೆದ ಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಎಲ್ಲಾ ತಿಂಗಳ ಒಂದನೇ ತಾರೀಖುಗಳು ಒಟ್ಟಿಗೆ ಬಂದು ಕಲಸುಮೇಲೋಗರ ಆಗುತ್ತದೆ.

ವರ್ಡ್‌ನಲ್ಲಿ ಬರೆದು ಅಭ್ಯಾಸವಾಗಿದ್ದರೆ ಅದೂ ಸರಿ. ಆದರೆ ಅಲ್ಲಿಂದ ನೇರವಾಗಿ ಬ್ಲಾಗಿಗೆ ಅಂಟಿಸಿದರೆ ಫಾಂಟು, ಬಣ್ಣ, ಗಾತ್ರಗಳ ಕಣ್ಣಿಗೆ ಕಾಣದ ಕೋಡ್ ಎಲ್ಲ ಜತೆಗೆ ಬರುತ್ತದೆ. ಒಂದು ಪ್ಯಾರಾ ದೊಡ್ಡದು, ಇನ್ನೊಂದು ಚಿಕ್ಕದಾಗಿ ಕಾಣುವ ಬ್ಲಾಗುಗಳನ್ನು ನೋಡಿರುತ್ತೀರಿ, ಕಾರಣ ಬಹುಮಟ್ಟಿಗೆ ಇದೇ. ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ ಅಂಟಿಸಿ. ಬರೀ ಅಕ್ಷರ ಮಾತ್ರ ಬರುತ್ತದೆ.

ಮೂಲಪ್ರತಿ ಕೈಯಲ್ಲಿದ್ದರೂ ಬ್ಲಾಗಿನ ಬ್ಯಾಕಪ್ ಆಗಾಗ ತೆಗೆಯುತ್ತಿರಬೇಕು, ಯಾಕೆಂದರೆ ಪ್ರಕಟಿಸಿದ ಮೇಲೆ ಮಾಡಿದ ತಿದ್ದುಪಡಿಗಳು, ಓದುಗರ ಕಾಮೆಂಟುಗಳು ಅಲ್ಲಿ ಮಾತ್ರ ಇರುತ್ತವೆ. ಬ್ಲಾಗರಿನಲ್ಲಿ ಸೆಟ್ಟಿಂಗ್ಸ್ ಒಳಗೆ, ವರ್ಡ್‌ಪ್ರೆಸ್ಸಿನಲ್ಲಿ ಟೂಲ್ಸ್ ಕೆಳಗೆ ಇದು ಸಿಗುತ್ತದೆ. ಎರಡರಲ್ಲೂ ಬರಹಗಳೆಲ್ಲ ಎಕ್ಸ್‌ಎಂಎಲ್ ಅನ್ನುವ ಮಾದರಿಯ ಒಂದು ಫೈಲಿನಲ್ಲಿ ಸಿಗುತ್ತವೆ. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಅಂದರೆ ಆ ಫೈಲಿನಲ್ಲಿ ಚಿತ್ರಗಳಿರುವುದಿಲ್ಲ, ಚಿತ್ರಗಳ ವಿಳಾಸ ಮಾತ್ರ ಇರುತ್ತದೆ. ತಾಣವೇ ಮುಚ್ಚಿಹೋದರೆ ಆ ವಿಳಾಸ ಯಾತಕ್ಕೂ ಬಾರದು. ಹಾಗಾಗಿ ಲೇಖನದ ಫೈಲ್ ಇಟ್ಟ ಫೋಲ್ಡರಿನಲ್ಲೇ ಅದರ ಚಿತ್ರಗಳನ್ನೂ ಇಡಿ. ಆ ಇಡೀ ಫೋಲ್ಡರಿನ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲೋ ಕ್ಲೌಡ್‌ನಲ್ಲೋ ಇರಲಿ.

ಪ್ರಕಟಿಸು ಗುಂಡಿ ಒತ್ತುವ ಮುಂಚೆ ಕನ್ನಡದಲ್ಲಿ ಬರೆಯುವವರು ನೋಡಲೇಬೇಕಾದ ಜಾಗ ಒಂದಿದೆ: ಪರ್ಮಾಲಿಂಕ್, ಅಂದರೆ ಆ ಲೇಖನದ ಕಾಯಂ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್ ಅದನ್ನು ವಿಳಾಸಕ್ಕೆ ತರಲಾರದೆ 'ಬ್ಲಾಗ್-ಪೋಸ್ಟ್' ಅಂತ ಬರೆದು, ಅದರ ಮುಂದೆ ಒಂದು ಸಂಖ್ಯೆ ಹಚ್ಚಿ ಬಿಡುತ್ತದೆ. ನಿಮ್ಮ ಎಲ್ಲಾ ಲೇಖನಗಳ ವಿಳಾಸವೂ ಹೆಚ್ಚುಕಡಿಮೆ ಒಂದೇ ಥರ. ವರ್ಡ್‌ಪ್ರೆಸ್ ಕನ್ನಡವನ್ನೇ ಇಟ್ಟುಕೊಳ್ಳುತ್ತದೆ, ಬ್ರೌಸರಿನಲ್ಲಿ ನೋಡಲು ಚೆನ್ನಾಗಿಯೇ ಇರುತ್ತದೆ. ಕಾಪಿ ಮಾಡಿ ಯಾರಿಗಾದರೂ ಕಳಿಸಿದಾಗ ಮಾತ್ರ ಶೇಕಡಾ ಗುರುತು, ಅಂಕಿ, ಅಕ್ಷರಗಳ ಮಾರುದ್ದದ ಸಾಲಾಗಿ ಹೋಗುತ್ತದೆ. ಇದು ದೋಷವೇನಲ್ಲ, ಲೆಕ್ಕವೇ ಹಾಗಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ (ಕಂಪ್ಯೂಟರ್ ಮಾಹಿತಿ ಅಳೆಯುವ ಘಟಕ) ಬೇಕು. ವಿಳಾಸದಲ್ಲಿ ಒಂದೊಂದು ಬೈಟನ್ನೂ ಒಂದು ಶೇಕಡಾ ಗುರುತು ಮತ್ತೆರಡು ಅಕ್ಷರ ಹಾಕಿ ಬರೆಯುತ್ತಾರೆ. ಅಲ್ಲಿಗೆ 'ಕ' ಒಂದಕ್ಕೇ 9 ಅಕ್ಷರ ಆಯಿತು. 'ಕ್ಷಿ' ಅಂದರೆ ಕಂಪ್ಯೂಟರಿನ ಪಾಲಿಗೆ ಕ, ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ, ಷ, ಗುಡಿಸು ಹೀಗೆ ನಾಲ್ಕು, ಒಟ್ಟು 36. ವರ್ಡ್‌ಪ್ರೆಸ್ ಈ ಸಾಲಿಗೆ 200 ಅಕ್ಷರದ ಮಿತಿ ಇಟ್ಟಿದೆ. ಹಾಗಾಗಿ ಕನ್ನಡದ ಸುಮಾರು 22 ಚಿಹ್ನೆ ಆಗುವಷ್ಟರಲ್ಲಿ ಕತ್ತರಿ ಬೀಳುತ್ತದೆ, ಎಷ್ಟೋ ಸಲ ಪದದ ನಟ್ಟನಡುವೆ.

ಆದ್ದರಿಂದ ಶೀರ್ಷಿಕೆ ಕನ್ನಡದಲ್ಲೇ ಇರಲಿ, ಪರ್ಮಾಲಿಂಕ್ ಮಾತ್ರ ರೋಮನ್ ಅಕ್ಷರದಲ್ಲಿ ಎರಡು ಮೂರು ಪದ ನೀವೇ ಬರೆಯಿರಿ. ಎರಡೂ ತಾಣಗಳಲ್ಲಿ ಲೇಖನ ಬರೆಯುವ ಪುಟದ ಬದಿಯಲ್ಲೇ ಈ ಜಾಗ ಇದೆ. ಒಮ್ಮೆ ಪ್ರಕಟಿಸಿದ ಮೇಲೆ ಅದನ್ನು ಮುಟ್ಟಬೇಡಿ. ಯಾರೋ ಅದನ್ನು ಬುಕ್‌ಮಾರ್ಕ್ ಮಾಡಿಕೊಂಡಿರುತ್ತಾರೆ, ಯಾರೋ ತಮ್ಮ ಲೇಖನದಲ್ಲಿ ಕೊಟ್ಟಿರುತ್ತಾರೆ. ವೆಬ್ಬನ್ನು ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಿಳಾಸ ಬದಲಿಸಬೇಡಿ ಅಂತ ಒತ್ತಿ ಹೇಳಿದ್ದರು. ಇವತ್ತಿಗೂ ದೊಡ್ಡ ದೊಡ್ಡ ಸಂಸ್ಥೆಗಳು ತಾಣವನ್ನು ಹೊಸದಾಗಿ ಸಿಂಗರಿಸಿದ ದಿನವೇ ಹಳೇ ಲಿಂಕುಗಳನ್ನೆಲ್ಲ ಮುರಿದುಹಾಕುತ್ತವೆ.

ನೀವು ಬೇರೆಯವರ ಪುಟಕ್ಕೆ ಲಿಂಕ್ ಕೊಡುವಾಗಲೂ ಇದೇ ಕಾಳಜಿ ಬೇಕು. ಬ್ರೂಸ್ಟರ್ ಕೇಲ್ 1996ರಲ್ಲಿ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್‌ನ 'ವೇಬ್ಯಾಕ್ ಮಷೀನ್' 2001ರಿಂದ ಎಲ್ಲರಿಗೂ ಮುಕ್ತವಾಗಿದೆ. ಅಲ್ಲಿ 'ಸೇವ್ ಪೇಜ್ ನೌ' ಅನ್ನುವ ಪೆಟ್ಟಿಗೆಯಲ್ಲಿ ಒಂದು ವಿಳಾಸ ಅಂಟಿಸಿದರೆ ಆ ಪುಟ ಆ ಹೊತ್ತಿಗೆ ಹೇಗಿತ್ತೋ ಹಾಗೆ ದಾಖಲಾಗುತ್ತದೆ. ಕೆಲವು ತಾಣಗಳು ಒಪ್ಪುವುದಿಲ್ಲ, ಹೆಚ್ಚಿನವು ಒಪ್ಪುತ್ತವೆ. ಲೇಖನಕ್ಕೆ ಆಧಾರವಾದ ಪುಟಗಳನ್ನೆಲ್ಲ ನಾನು ಹೀಗೆ ಉಳಿಸಿಯೇ ಲಿಂಕ್ ಕೊಡುತ್ತೇನೆ. ಲಿಂಕ್ ಚಿಕ್ಕದಾಗಿಸುವ ಸೇವೆಗಳನ್ನು ಮಾತ್ರ ಬಳಸಬೇಡಿ. ಆ ಸೇವೆ ನಿಂತ ದಿನ, ಮೂಲ ಪುಟ ಚೆನ್ನಾಗಿಯೇ ಇದ್ದರೂ ನಿಮ್ಮ ಓದುಗರಿಗೆ ದಾರಿ ಸಿಗುವುದಿಲ್ಲ. 'ಇಲ್ಲಿ ನೋಡಿ' ಅನ್ನುವ ಎರಡು ಪದಕ್ಕೆ ಲಿಂಕ್ ಹಚ್ಚುವ ಬದಲು ಅದು ಯಾರ, ಯಾವ ಬರಹ ಅಂತ ಹೆಸರಿಸಿ. ಲಿಂಕ್ ಸತ್ತರೂ ಹೆಸರು ಹಿಡಿದು ಹುಡುಕಬಹುದು.

ಚಿತ್ರಗಳ ಬಗ್ಗೆ ಚಿಕ್ಕದಾಗಿ. ಫೋನಿನಲ್ಲಿ ತೆಗೆದ ಫೋಟೊ ಹಲವು ಎಂಬಿ ಇರುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿದರೆ ಬ್ಲಾಗಿಗೆ ಧಾರಾಳವಾಯಿತು, ತೂಕ ಕೆಲವೇ ನೂರು ಕೆಬಿಗೆ ಬರುತ್ತದೆ. ಸ್ಕ್ವೂಷ್ ಅನ್ನುವ ತಾಣ ಈ ಕೆಲಸವನ್ನು ಬ್ರೌಸರಿನ ಒಳಗೇ ಮಾಡಿಕೊಡುತ್ತದೆ, ಚಿತ್ರ ಬೇರೆ ಯಾವ ಸರ್ವರಿಗೂ ಹೋಗುವುದಿಲ್ಲ. ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊ ತೆಗೆದ ಜಾಗವೂ ಫೈಲಿನೊಳಗೆ ದಾಖಲಾಗಿರುತ್ತದೆ. ಮನೆಯಲ್ಲಿ ತೆಗೆದ ಚಿತ್ರ ಹಾಕುವವರು, ಅದರಲ್ಲೂ ಮಕ್ಕಳ ಫೋಟೊ ಹಾಕುವವರು, ಇದನ್ನು ಅಳಿಸಿಯೇ ಏರಿಸಬೇಕು. ಆಲ್ಟ್ ಟೆಕ್ಸ್ಟ್ ಅನ್ನುವ ಜಾಗದಲ್ಲಿ ಚಿತ್ರದಲ್ಲೇನಿದೆ ಅಂತ ಒಂದು ಸಾಲು ಬರೆಯಿರಿ. ಕಣ್ಣು ಕಾಣದ ಓದುಗರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಆ ಸಾಲನ್ನೇ. ಬೇರೆಯವರ ಚಿತ್ರ ಬೇಕಾದರೆ ಗೂಗಲ್‌ನಲ್ಲಿ ಕಂಡದ್ದನ್ನು ಎತ್ತಿಕೊಳ್ಳದೆ, ಮುಕ್ತವಾಗಿ ಬಳಸಬಹುದಾದ ಚಿತ್ರಗಳಿರುವ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ, ತೆಗೆದವರ ಹೆಸರು ಮತ್ತು ಲೈಸೆನ್ಸ್ ಚಿತ್ರದ ಕೆಳಗೆ ಹಾಕಿ.

"ವಾರಕ್ಕೆ ಎಷ್ಟು ಬರೆಯಬೇಕು?" ಅಂತಲೂ ಕೇಳುತ್ತಾರೆ. ಹೇಳುವುದಿದ್ದಾಗ ಬರೆಯಿರಿ. ದಿನ ಗೊತ್ತುಮಾಡಿಕೊಂಡು ಬರೆಯಬೇಕು ಅನ್ನುವ ಸಲಹೆ ಜಾಹೀರಾತಿನ ಆದಾಯ ನೆಚ್ಚಿಕೊಂಡವರಿಗೆ ಇರಬಹುದು, ಉಳಿದವರಿಗೆ ಅದರ ಹಂಗಿಲ್ಲ. ಮೂರು ತಿಂಗಳಿಗೊಮ್ಮೆ ಬರೆದರೂ ಓದುಗರಿಗೆ ಸುದ್ದಿ ಮುಟ್ಟಿಸಲು ಆರ್‌ಎಸ್‌ಎಸ್ ಫೀಡ್ ಇದೆ, ಅಂದರೆ ಹೊಸ ಲೇಖನಗಳನ್ನು ಓದುಗರ ಆ್ಯಪಿಗೆ ತಾನಾಗಿ ತಲುಪಿಸುವ ವ್ಯವಸ್ಥೆ. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ನೀವು ಏನೂ ಮಾಡದೆಯೇ ಫೀಡ್ ತಯಾರಾಗಿರುತ್ತದೆ. ಅದರ ಲಿಂಕನ್ನು ಕಣ್ಣಿಗೆ ಕಾಣುವಂತೆ ಹಾಕಿ. ಫೀಡಿನ ಸೆಟ್ಟಿಂಗ್ಸ್‌ನಲ್ಲಿ 'ಪೂರ್ತಿ ಲೇಖನ' ಅನ್ನುವುದನ್ನೇ ಆರಿಸಿ, ಮೊದಲ ನಾಲ್ಕು ಸಾಲು ಕೊಟ್ಟು ಓದುಗರನ್ನು ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ.

ನೀವು ಬರೆಯದೆ ಬರೀ ಓದುವವರಾದರೂ, ಇಂಥ ಫೀಡುಗಳನ್ನೆಲ್ಲ ಒಂದೆಡೆ ತೋರಿಸುವ ಫೀಡ್ ರೀಡರ್ ಒಂದನ್ನು ಇಟ್ಟುಕೊಳ್ಳಲೇಬೇಕು. ಗೂಗಲ್ ರೀಡರ್ 2013ರ ಜುಲೈನಲ್ಲಿ ನಿಂತಾಗ ಇನ್ನು ಫೀಡ್ ಕಥೆ ಮುಗಿಯಿತು ಅಂದವರಿದ್ದರು. ಮುಗಿದಿಲ್ಲ. ಫೀಡ್ಲಿ, ಇನೋರೀಡರ್ ಇವೆ. ಮೇಲ್‌ಗಾಗಿ ಥಂಡರ್‌ಬರ್ಡ್ ಬಳಸುವವರಿಗೆ ಅದರೊಳಗೇ ಫೀಡ್ ಓದುವ ಸೌಲಭ್ಯವಿದೆ. ಇಷ್ಟದ ಹತ್ತು ಬರಹಗಾರರನ್ನು ಸೇರಿಸಿಕೊಂಡರೆ ಅವರು ಬರೆದದ್ದೆಲ್ಲ ಬರೆದ ಕ್ರಮದಲ್ಲೇ ಬರುತ್ತದೆ. ಯಾವುದನ್ನು ನಿಮಗೆ ತೋರಿಸಬೇಕು ಅಂತ ನಡುವೆ ಕೂತು ತೀರ್ಮಾನಿಸುವವರು ಯಾರೂ ಇಲ್ಲ. ಉದ್ದನೆಯ ಪುಟ ಓದುವಾಗ, ಬೇರೆ ಗೊಂದಲವಿಲ್ಲದೆ ಬರಹವನ್ನಷ್ಟೇ ತೋರಿಸುವ ಬ್ರೌಸರಿನ ರೀಡರ್ ವ್ಯೂ ಹಾಕಿಕೊಳ್ಳಿ, ಫೈರ್‌ಫಾಕ್ಸಿನಲ್ಲಿ ವಿಳಾಸದ ಪಕ್ಕದಲ್ಲೇ ಅದರ ಗುರುತಿದೆ. ಗೊತ್ತಿಲ್ಲದೆ ಮುಚ್ಚಿದ ಟ್ಯಾಬ್ ಕಂಟ್ರೋಲ್, ಶಿಫ್ಟ್, ಟಿ ಒತ್ತಿದರೆ ವಾಪಸ್ಸು ಬರುತ್ತದೆ.

ಇನ್ನು ಖಾತೆಯ ಭದ್ರತೆ. ಬ್ಲಾಗ್ ಇರುವುದು ಒಂದು ಇಮೇಲ್ ಖಾತೆಯ ಮೇಲೆ. ಅದರ ಪಾಸ್‌ವರ್ಡ್ ಮರೆತರೆ, ಫೋನ್ ನಂಬರ್ ಬದಲಾಗಿದ್ದರೆ, ನಿಮ್ಮ ಬ್ಲಾಗ್ ಎಲ್ಲರಿಗೂ ಕಾಣುತ್ತದೆ, ನಿಮಗೆ ಮಾತ್ರ ಒಳಗೆ ಹೋಗಲಾಗುವುದಿಲ್ಲ. ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿ ಥರದ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಎರಡು ಹಂತದ ಲಾಗಿನ್ ಹಾಕುವಾಗ ಕೊಡುವ ರಿಕವರಿ ಕೋಡುಗಳನ್ನು ಕಾಗದದಲ್ಲಿ ಬರೆದು, ಮನೆಯ ಮುಖ್ಯ ಕಾಗದಪತ್ರಗಳ ಜತೆ ಇಡಿ. ಬ್ಲಾಗರಿನಲ್ಲಿ ಇನ್ನೊಂದು ಇಮೇಲನ್ನೂ ಅಡ್ಮಿನ್ ಆಗಿ ಸೇರಿಸಬಹುದು. ಐದು ನಿಮಿಷದ ಕೆಲಸ, ಇವತ್ತೇ ಮಾಡಿ.

ಸ್ವಂತ ಡೊಮೇನ್, ಅಂದರೆ ನಿಮ್ಮದೇ ಹೆಸರಿನ ವೆಬ್ ವಿಳಾಸ ಬೇಕೇ ಅಂತ ಕೇಳಿದರೆ, ಒಂದಷ್ಟು ಕಾಲ ಬರೆದು ಕೈ ಕುದುರಿದ ಮೇಲೆ ತೆಗೆದುಕೊಳ್ಳಿ ಅನ್ನುತ್ತೇನೆ. ತಾಣ ಬದಲಿಸಿದರೂ ಓದುಗರ ಪಾಲಿಗೆ ವಿಳಾಸ ಅದೇ ಇರುತ್ತದೆ, ಅದು ದೊಡ್ಡ ಲಾಭ. ಆದರೆ ವರ್ಷಾ ವರ್ಷಾ ದುಡ್ಡು ಕಟ್ಟಬೇಕು. ಅವಧಿ ಮುಗಿದ ಡೊಮೇನನ್ನು ಬೇರೆಯವರು ಕೊಂಡು, ಹಳೇ ಲಿಂಕುಗಳಿಂದ ಬರುವ ಜನರಿಗೆ ಜೂಜಿನ ಪುಟ ತೋರಿಸುವುದು ಎಲ್ಲೆಡೆ ನಡೆಯುತ್ತದೆ. ಹಾಗಾಗಿ ಬರೆಯುವುದನ್ನು ನಿಲ್ಲಿಸಿ ಡೊಮೇನನ್ನೂ ಬಿಡುವ ಮನಸ್ಸಾದರೆ, ಅವಧಿ ಮುಗಿಯುವ ಮೊದಲು ಒಂದೊಂದು ಲೇಖನವನ್ನೂ ವೇಬ್ಯಾಕ್ ಮಷೀನಿಗೆ ಕೊಟ್ಟುಬಿಡಿ. ಬ್ಲಾಗರಿನ ಉಚಿತ ವಿಳಾಸದಲ್ಲೇ ಇರುವವರು ಆಗಾಗ ಲಾಗಿನ್ ಆಗುತ್ತಿರಿ. ಬ್ಲಾಗರ್ ನಡೆಯುವುದು ಗೂಗಲ್ ಖಾತೆಯ ಮೇಲೆ; ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಅನ್ನುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ.